ಈ ಫೈಟ್ ಸಿನಿಮಾ ಥಿಯೇಟರ್‌ನಲ್ಲೇ ನೋಡಬೇಕಾ?

ಹೊಸ ಆ್ಯಕ್ಷನ್ ಸಿನಿಮಾ ಬಿಡುಗಡೆಯಾದ ವಾರ ನನಗೆ ಬರುವ ಪ್ರಶ್ನೆ ಯಾವಾಗಲೂ ಒಂದೇ. ‘ಥಿಯೇಟರ್‌ಗೆ ಹೋಗಿ ನೋಡುವಂಥದ್ದಾ, ಇಲ್ಲ ಓಟಿಟಿಗೆ ಬರೋವರೆಗೂ ಕಾಯಬಹುದಾ?’ ಕೇಳಿದವರಿಗೆ ಹೌದು, ಇಲ್ಲ ಅಂದರೆ ಸಾಕಾಗುತ್ತದೆ. ಆದರೆ ಆ ಹೌದು, ಇಲ್ಲ ಹೇಗೆ ಹುಟ್ಟುತ್ತದೆ ಅಂತ ಇವತ್ತು ಬಿಡಿಸಿ ಹೇಳುತ್ತೇನೆ.

ಫೈಟ್ ನಡೆಯುವಾಗ ಯಾರು ಎಲ್ಲಿ ನಿಂತಿದ್ದಾರೆ, ಏಟು ಎಲ್ಲಿಂದ ಬಂತು, ಯಾರಿಗೆ ಬಿತ್ತು ಅನ್ನೋದು ನನಗೆ ಕಾಣಿಸಬೇಕು. ಕಾಣಿಸಿದರೆ ಥಿಯೇಟರ್‌ಗೆ ಹೋಗಿ ಅನ್ನುತ್ತೇನೆ. ಕಾಣಿಸದಿದ್ದರೆ ಪರದೆ ಎಷ್ಟು ದೊಡ್ಡದಾಗಿದ್ದರೂ ಪ್ರಯೋಜನ ಇಲ್ಲ. ದೊಡ್ಡ ಪರದೆಯಲ್ಲಿ ಗೊಂದಲವೂ ದೊಡ್ಡದಾಗಿಯೇ ಕಾಣುತ್ತದೆ.

ಇಷ್ಟು ಸರಳವಾದದ್ದು ತುಂಬಾ ಸಿನಿಮಾಗಳಲ್ಲಿ ಸಿಗುವುದಿಲ್ಲ. ಒಂದೇ ಒಂದು ಗುದ್ದನ್ನು ಮೂರ್ನಾಲ್ಕು ಶಾಟ್‌ಗಳಾಗಿ ಕತ್ತರಿಸುತ್ತಾರೆ. ಕೈ ಎತ್ತಿದ್ದು ಒಂದು ಶಾಟ್, ಮುಖ ತಿರುಗಿದ್ದು ಇನ್ನೊಂದು, ಬಿದ್ದದ್ದು ಮತ್ತೊಂದು. ಕ್ಯಾಮೆರಾ ಬೇರೆ ಅಲ್ಲಾಡುತ್ತಾ ಇರುತ್ತದೆ. ಇದಕ್ಕೆ ಕಾರಣಗಳಿವೆ. ನಟನಿಗೆ ರಿಹರ್ಸಲ್‌ಗೆ ಸಮಯ ಸಿಕ್ಕಿರುವುದಿಲ್ಲ. ಡೂಪ್ ಮುಖ ಕಾಣಬಾರದು. ಏಟು ನಿಜವಾಗಿ ತಾಗಿಲ್ಲ ಅನ್ನೋದು ಗೊತ್ತಾಗಬಾರದು. ಇದನ್ನೆಲ್ಲ ಕಟ್‌ಗಳ ಹಿಂದೆ ಮುಚ್ಚುತ್ತಾರೆ. ಆಮೇಲೆ ಮೇಲಿಂದ ಜೋರಾಗಿ ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ, ಸುರಿಯುತ್ತಾರೆ.

ಮೂಕಿ ಸಿನಿಮಾಗಳ ಹಾಸ್ಯನಟ ಬಸ್ಟರ್ ಕೀಟನ್ 1928ರಲ್ಲಿ ಮಾಡಿದ್ದನ್ನು ನೋಡಿ. ಬಿರುಗಾಳಿಗೆ ಮನೆಯ ಇಡೀ ಮುಂಗೋಡೆ ಅವನ ಮೇಲೆ ಬೀಳುತ್ತದೆ. ಮೇಲಿನ ಕಿಟಕಿಯ ಜಾಗ ಸರಿಯಾಗಿ ಅವನ ಮೈ ಸುತ್ತ ಬಂದು ಕೂರುತ್ತದೆ, ಅವನು ಉಳಿಯುತ್ತಾನೆ. ಕ್ಯಾಮೆರಾ ದೂರದಲ್ಲಿ ಸುಮ್ನೆ ನಿಂತಿದೆ. ಗೋಡೆ ಬೀಳುವಾಗ ಮಧ್ಯೆ ಒಂದು ಕಟ್ ಕೂಡ ಇಲ್ಲ. ಇವತ್ತಿಗೂ ಅದನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ. ಯಾಕೆಂದರೆ ನಾವು ಅದನ್ನು ಪೂರ್ತಿ ನೋಡಿದ್ದೇವೆ.

ಹಾಗಂತ ಕಟ್ ಜಾಸ್ತಿ ಇದ್ದರೆ ಸಿನಿಮಾ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ನಲ್ಲಿ ಶಾಟ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತವೆ. ಆದರೂ ಎಲ್ಲೂ ದಾರಿ ತಪ್ಪುವುದಿಲ್ಲ. ನಿರ್ದೇಶಕ ಜಾರ್ಜ್ ಮಿಲ್ಲರ್ ಮತ್ತು ಛಾಯಾಗ್ರಾಹಕ ಜಾನ್ ಸೀಲ್ ಮುಖ್ಯವಾದದ್ದು ಪ್ರತಿ ಶಾಟ್‌ನಲ್ಲೂ ಫ್ರೇಮಿನ ನಡುವೆಯೇ ಇರುವಂತೆ ನೋಡಿಕೊಂಡರು. ಶಾಟ್ ಬದಲಾದರೂ ನಮ್ಮ ಕಣ್ಣು ಹುಡುಕಾಡಬೇಕಾಗಿಲ್ಲ, ಬೇಕಾದದ್ದು ಅಲ್ಲೇ ಇರುತ್ತದೆ. ಎಡಿಟಿಂಗ್ ಮಾಡಿದ ಮಾರ್ಗರೆಟ್ ಸಿಕ್ಸೆಲ್ ಅವರಿಗೆ ಆಸ್ಕರ್ ಬಂತು. ಅದಕ್ಕಿಂತ ನ್ಯಾಯವಾದ ಪ್ರಶಸ್ತಿ ನನಗೆ ನೆನಪಾಗುವುದಿಲ್ಲ. ಓಡುವ ಗಾಡಿಗಳ ಮೇಲೆ ಉದ್ದನೆಯ ಕಂಬಗಳಲ್ಲಿ ತೂಗಾಡುವ ಆ ಜನ ಕೂಡ ಕಂಪ್ಯೂಟರ್ ಗ್ರಾಫಿಕ್ಸ್ ಅಲ್ಲ, ನಿಜವಾದ ಮನುಷ್ಯರು. ಅದು ನೋಡಿದ ತಕ್ಷಣ ಗೊತ್ತಾಗುತ್ತದೆ, ಅಲ್ವಾ?

ಜಾನ್ ವಿಕ್ ಸರಣಿಯದ್ದು ಇನ್ನೊಂದು ದಾರಿ. ನಿರ್ದೇಶಕ ಚಾಡ್ ಸ್ಟಹೆಲ್ಸ್ಕಿ ‘ದಿ ಮ್ಯಾಟ್ರಿಕ್ಸ್’ನಲ್ಲಿ ಕಿಯಾನು ರೀವ್ಸ್‌ಗೆ ಡೂಪ್ ಆಗಿದ್ದವರು. ಏಟು ತಿನ್ನುವ ಕಷ್ಟ ಗೊತ್ತಿರುವ ನಿರ್ದೇಶಕ ಅದನ್ನು ಮುಚ್ಚಿಡುವುದಿಲ್ಲ. ನಟನಿಗೆ ತಿಂಗಳುಗಟ್ಟಲೆ ತರಬೇತಿ ಕೊಡಿಸುತ್ತಾರೆ, ಕ್ಯಾಮೆರಾವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. 2023ರ ನಾಲ್ಕನೇ ಭಾಗ ನನಗೆ ಸ್ವಲ್ಪ ಉದ್ದವಾಯಿತು ಅನ್ನಿಸಿತು. ಒಸಾಕದ ಫೈಟ್ ಅರ್ಧಕ್ಕೇ ಮುಗಿಯಬಹುದಿತ್ತು. ಆದರೆ ಪ್ಯಾರಿಸ್‌ನ ಮೆಟ್ಟಿಲುಗಳ ದೃಶ್ಯವನ್ನು ನಾನು ಯಾರ ಜೊತೆ ಬೇಕಾದರೂ ವಾದ ಮಾಡಿ ಎತ್ತಿ ಹಿಡಿಯುತ್ತೇನೆ. ಸೂರ್ಯ ಹುಟ್ಟುವುದರೊಳಗೆ ಹೀರೊ ಜಾನ್ ವಿಕ್ ಮೇಲೆ ತಲುಪಬೇಕು. 222 ಮೆಟ್ಟಿಲು. ಹೊಡೆದಾಡುತ್ತಾ ಹತ್ತುತ್ತಾನೆ, ಉರುಳಿ ಪೂರ್ತಿ ಕೆಳಗೆ ಬೀಳುತ್ತಾನೆ, ಮತ್ತೆ ಶುರು ಮಾಡುತ್ತಾನೆ. ಎಲ್ಲಿಗೆ ಹೋಗಬೇಕು, ಎಷ್ಟು ಉಳಿದಿದೆ, ಎಷ್ಟು ಸುಸ್ತಾಗಿದೆ ಅನ್ನೋದು ಒಂದು ಮಾತೂ ಇಲ್ಲದೆ ತಿಳಿಯುತ್ತದೆ.

ಆ ಸುಸ್ತು ನನಗೆ ತುಂಬಾ ಮುಖ್ಯ. ಈಗಿನ ಎಷ್ಟೋ ಸಿನಿಮಾಗಳಲ್ಲಿ ಹೀರೊಗೆ ಉಸಿರು ಕೂಡ ಹತ್ತುವುದಿಲ್ಲ. ನೂರು ಜನರನ್ನು ಕೆಡವುತ್ತಾನೆ, ಸ್ಲೋ ಮೋಷನ್‌ನಲ್ಲಿ ನಡೆದು ಬರುತ್ತಾನೆ. ಎಂಟ್ರಿ ಸೀನ್‌ಗೆ ಶಿಳ್ಳೆ ಬೀಳಲಿ, ನನಗೂ ಅದು ಇಷ್ಟವೇ. ಆದರೆ ಇಡೀ ಸಿನಿಮಾ ಬರೀ ಬಿಲ್ಡಪ್ ಆದರೆ ಇಂಟರ್ವಲ್ ಹೊತ್ತಿಗೆ ಮನಸ್ಸು ಮರಗಟ್ಟಿ ಹೋಗಿರುತ್ತದೆ. ರಕ್ತ ಜಾಸ್ತಿ ಮಾಡಿದರೆ ಇದು ಸರಿಹೋಗುವುದಿಲ್ಲ. ಸಾಯುವವನು ಯಾರು ಅಂತಲೇ ಗೊತ್ತಿಲ್ಲದಿದ್ದರೆ ರಕ್ತ ಕೆಂಪು ಬಣ್ಣ ಅಷ್ಟೇ.

2024ರಲ್ಲಿ ಥಿಯೇಟರ್‌ಗೆ ಬಂದ ಹಿಂದಿ ಸಿನಿಮಾ ‘ಕಿಲ್’ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಅದರಲ್ಲಿ ಹಿಂಸೆ ಭಯಂಕರ. ಮಕ್ಕಳನ್ನು ಕರೆದುಕೊಂಡು ಹೋಗುವ ಸಿನಿಮಾ ಅಲ್ಲವೇ ಅಲ್ಲ. ಆದರೆ ಅಲ್ಲಿ ಡಕಾಯಿತರು ಒಂದೇ ಕುಟುಂಬದವರು. ತಮ್ಮವನು ಸತ್ತಾಗ ಕೂತು ಅಳುತ್ತಾರೆ. ಹೀರೊ ಹೊಡೆದಾಗ ನಾನು ಚಪ್ಪಾಳೆ ತಟ್ಟಬೇಕೋ ಹೆದರಬೇಕೋ ತಿಳಿಯಲಿಲ್ಲ. ಸಿನಿಮಾದ ಹೆಸರು ಪರದೆ ಮೇಲೆ ಬರುವುದೇ ಎಷ್ಟೋ ಹೊತ್ತಾದ ಮೇಲೆ, ಹೀರೊ ಒಳಗೆ ಏನೋ ಮುರಿದ ಗಳಿಗೆಯಲ್ಲಿ. ಜಾಗ ರೈಲಿನ ಬೋಗಿ. ಅಕ್ಕಪಕ್ಕ ಸರಿಯಲೂ ಆಗದ ಇಕ್ಕಟ್ಟು. ಆ ಇಕ್ಕಟ್ಟಿನಿಂದಲೇ ಪ್ರತಿ ಏಟೂ ಹುಟ್ಟುತ್ತದೆ.

2025ರ ಎರಡು ಸಿನಿಮಾಗಳ ಬಗ್ಗೆಯೂ ಇದೇ ಪ್ರಶ್ನೆ ಬಂದಿತ್ತು. ‘ಮಿಷನ್ ಇಂಪಾಸಿಬಲ್: ದಿ ಫೈನಲ್ ರೆಕನಿಂಗ್’ನ ಮೊದಲ ಭಾಗದಲ್ಲಿ ಮಾತು ವಿಪರೀತ. ಹಿಂದಿನ ಸಿನಿಮಾಗಳ ನೆನಪು ಮಾಡಿಸುವುದರಲ್ಲೇ ಸಮಯ ಹೋಗುತ್ತದೆ. ಆದರೂ ಥಿಯೇಟರ್‌ಗೆ ಹೋಗಿ ಅಂತಲೇ ಹೇಳಿದೆ. ಮುಳುಗಿದ ಜಲಾಂತರ್ಗಾಮಿಯೊಳಗಿನ ದೃಶ್ಯದಲ್ಲಿ ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕೊನೆಯಲ್ಲಿ ಪುಟ್ಟ ವಿಮಾನದ ರೆಕ್ಕೆ ಹಿಡಿದು ಟಾಮ್ ಕ್ರೂಸ್ ನೇತಾಡುವಾಗ ಗಾಳಿಯ ಹೊಡೆತಕ್ಕೆ ಅವರ ಮುಖದ ಚರ್ಮವೇ ಅಲ್ಲಾಡುತ್ತದೆ. ಮೊಬೈಲ್‌ನಲ್ಲಿ ಅದು ಕಾಣುವುದಿಲ್ಲ.

ಇನ್ನೊಂದು ‘ಒನ್ ಬ್ಯಾಟಲ್ ಆಫ್ಟರ್ ಅನದರ್’. ಇದನ್ನು ಆ್ಯಕ್ಷನ್ ಸಿನಿಮಾ ಅನ್ನಬೇಕಾ ಅಂತ ಕೆಲವರಿಗೆ ಅನುಮಾನ. ಕೊನೆಯ ಕಾರ್ ಚೇಸಿಂಗ್ ನೋಡಿದವರಿಗೆ ಆ ಅನುಮಾನ ಉಳಿಯಬಾರದು. ಖಾಲಿ ರಸ್ತೆ, ಒಂದರ ಹಿಂದೆ ಒಂದು ಏರು, ಇಳಿಜಾರು. ಮುಂದಿನ ಕಾರು ಏರು ದಾಟಿ ಮಾಯವಾಗುತ್ತದೆ, ಮತ್ತೆ ಕಾಣಿಸಿಕೊಳ್ಳುತ್ತದೆ. ದೊಡ್ಡ ಪರದೆಯಲ್ಲಿ ಪ್ರತಿ ಏರಿನ ತುದಿಯಲ್ಲೂ ಹೊಟ್ಟೆಯೊಳಗೆ ಏನೋ ಜಾರಿದಂತಾಗುತ್ತದೆ. ಆ ಏರಿಳಿತವೇ ಕೊನೆಗೆ ಒಬ್ಬರಿಗೆ ಆಯುಧವೂ ಆಗುತ್ತದೆ. ಹೇಗೆ ಅಂತ ಹೇಳಿದರೆ ನೋಡದವರಿಗೆ ಮಜಾ ಹೋಗುತ್ತದೆ.

ಈ ಫೈಟ್, ಸ್ಟಂಟ್‌ಗಳ ಕೆಲಸ ಮಾಡುವವರಿಗೆ ಗೌರವ ಸಿಕ್ಕಿದ್ದು ತೀರಾ ತಡವಾಗಿ. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಫೈಟ್ ಮಾಸ್ಟರ್‌ಗಳಿಗೆ ಜಾಗ ಸಿಕ್ಕಿದ್ದು 2017ರಲ್ಲಿ. ಮೊದಲು ಪಡೆದವರು ಪೀಟರ್ ಹೇನ್. ಆಸ್ಕರ್‌ನವರು ಇನ್ನೂ ನಿಧಾನ. 2027ರಲ್ಲಿ ಬಿಡುಗಡೆಯಾಗುವ ಸಿನಿಮಾಗಳಿಂದ ಸ್ಟಂಟ್‌ಗೂ ಪ್ರಶಸ್ತಿ ಕೊಡುವುದಾಗಿ 2025ರಲ್ಲಿ ಹೇಳಿದರು. ಸುಮಾರು ನೂರು ವರ್ಷ ಜನ ಬಿದ್ದರು, ಸುಟ್ಟುಕೊಂಡರು, ಮೂಳೆ ಮುರಿದುಕೊಂಡರು. ನನಗೆ ಇದರ ಬಗ್ಗೆ ನಿಜವಾಗಿಯೂ ಸಿಟ್ಟಿದೆ.

ಟ್ರೇಲರ್ ನೋಡಿ ಇದೆಲ್ಲ ಗೊತ್ತಾಗುತ್ತಾ ಅಂದರೆ, ಕಷ್ಟ. ಟ್ರೇಲರ್‌ನಲ್ಲಿ ಎಲ್ಲವೂ ಚೂರು ಚೂರು. ಒಂದು ಕೆಲಸ ಮಾಡಿ. ಈಗೀಗ ಬಿಡುಗಡೆಗೆ ಮುಂಚೆ ಕೆಲವರು ಒಂದು ಫೈಟ್‌ನ ತುಣುಕು ಬಿಡುತ್ತಾರೆ. ಅದನ್ನು ಸೌಂಡ್ ಆಫ್ ಮಾಡಿ ನೋಡಿ. ಬಿಜಿಎಂ ಇಲ್ಲದೆಯೂ ಏನಾಗುತ್ತಿದೆ ಅಂತ ಅರ್ಥವಾದರೆ, ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಗ್ಗಿದರೆ, ಟಿಕೆಟ್ ತಗೊಳ್ಳಿ. ಮೊದಲ ವಾರವೇ ಹೋಗಿ. ಆಮೇಲೆ ಅದನ್ನು ಚಿಕ್ಕ ಸ್ಕ್ರೀನ್‌ಗೆ ಹಾಕಿಬಿಡುತ್ತಾರೆ.