ಒಂದೇ ಕೈ, ನಾಲ್ಕು ತಾಸು: ಡಯಾಲಿಸಿಸ್ ಬೆಡ್ಡಿನಲ್ಲಿ ಏನು ನೋಡಬಹುದು?

ಪುಣೆಯ ಹಡಪ್ಸರದಲ್ಲಿ ಒಂದು ಡಯಾಲಿಸಿಸ್ ಸೆಂಟರಿನಲ್ಲಿ ನಾನು ಟೆಕ್ನಿಷಿಯನ್. ಊರು ಗೋಕಾಕದ ಕಡೆ. ನಮ್ಮ ಸೆಂಟರ್ ಸೋಲಾಪುರ ರಸ್ತೆಯ ಬದಿ. ಅಕ್ಕಲಕೋಟೆ, ಇಂಡಿ, ಜತ್ತ ಕಡೆಯಿಂದ ಬಂದು ಇಲ್ಲಿ ಮಕ್ಕಳ ಮನೆಯಲ್ಲಿರುವ ಪೇಷಂಟ್‌ಗಳು ನಮ್ಮಲ್ಲಿ ಇದ್ದಾರೆ. ನಾನು ಕನ್ನಡದವಳು ಅಂತ ಗೊತ್ತಾದ ಕೂಡಲೇ ಮಾತು ಶುರು. ಊರು, ಮನೆತನ ಎಲ್ಲ ಕೇಳಿ ಮುಗಿದ ಮೇಲೆ ಬರುವ ಮಾತು ಒಂದೇ: "ಮೊಬೈಲ್‌ನಾಗ ಏನಾರ ಛಲೋದು ಹಚ್ಚಿ ಕೊಡವ್ವಾ."

ಸುಮ್ನೆ ಏನೋ ಒಂದು ಹಚ್ಚಿ ಕೊಡೋಕೆ ಆಗುವುದಿಲ್ಲ. ಹೆಚ್ಚಿನವರಿಗೆ ಒಂದು ಸಲಕ್ಕೆ ಸುಮಾರು 4 ತಾಸು, ವಾರಕ್ಕೆ 2 ಅಥವಾ 3 ಸಲ. ಕೈಯ ಫಿಸ್ಟುಲಾದಲ್ಲಿ, ಅಂದರೆ ಡಯಾಲಿಸಿಸ್‌ಗೆಂದೇ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳದಲ್ಲಿ, ಎರಡು ಸೂಜಿ ಇರುತ್ತವೆ. ಆ ಕೈ ಮಡಚುವಂತಿಲ್ಲ. ಮಡಚಿದರೆ ಪ್ರೆಷರ್ ಏರುಪೇರಾಗಿ ಮಷೀನ್ ಕೂಗುತ್ತದೆ. ಫೋನಿಗೆ ಉಳಿಯುವುದು ಇನ್ನೊಂದು ಕೈ ಮಾತ್ರ. ನಡುನಡುವೆ ನಾವು ಬಂದು ಬಿಪಿ ನೋಡುತ್ತೇವೆ. ಜೊಂಪು ಹತ್ತುತ್ತದೆ. ಕೊನೆಯ ತಾಸಿನಲ್ಲಿ ಕೆಲವರಿಗೆ ಬಿಪಿ ಇಳಿಯುತ್ತದೆ, ಕಾಲಿಗೆ ಸೆಳೆತ ಬರುತ್ತದೆ. ಇಂಥವರಿಗೆ "ಈ ಸಿನಿಮಾ ಮಸ್ತ್ ಇದೆ, ನೋಡಿ" ಅಂದರೆ ಏನು ಪ್ರಯೋಜನ? ಅರ್ಧಕ್ಕೆ ಕಣ್ಣು ಹತ್ತುತ್ತದೆ, ಎದ್ದಾಗ ಕಥೆ ಎಲ್ಲೋ ಹೋಗಿರುತ್ತದೆ.

ಹಾಗಾಗಿ ನನಗೆ ಇಷ್ಟವಾಯ್ತಾ ಅನ್ನುವುದು ನನ್ನ ಲೆಕ್ಕದಲ್ಲಿ ಆಮೇಲೆ. ಮಲಗಿರುವವರ ಕೈಗೆ, ನಿದ್ದೆಗೆ ಹೊಂದುತ್ತದಾ ಅನ್ನುವುದು ಮೊದಲು. ಏನೇ ಸಿಕ್ಕಿದರೂ ಮನೆಯಲ್ಲಿ ಎಡಗೈ ಹೆಬ್ಬೆರಳೊಂದರಿಂದಲೇ ನಡೆಸಿ ನೋಡುತ್ತೇನೆ. ಬಲಗೈಗೆ ಫಿಸ್ಟುಲಾ ಇದ್ದವರಿಗೆ ಅದೇ ಗತಿ ಅಲ್ವಾ?

ಇದುವರೆಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದಿದ್ದು ನಮೀಬಿಯಾದ ನೀರಿನ ಹೊಂಡ. ಆಫ್ರಿಕಾದ ನಮೀಬ್ ಮರುಭೂಮಿಯಲ್ಲಿ ಒಂದು ಹೊಂಡದ ಮುಂದೆ ಕ್ಯಾಮೆರಾ ಇಟ್ಟಿದ್ದಾರೆ, ಯೂಟ್ಯೂಬಿನಲ್ಲಿ ಲೈವ್ ಬರುತ್ತದೆ. ನೀಳ ಕೊಂಬಿನ ಓರಿಕ್ಸ್, ಉಷ್ಟ್ರಪಕ್ಷಿ, ಜೀಬ್ರಾ, ನರಿ ಬಂದು ನೀರು ಕುಡಿದು ಹೋಗುತ್ತವೆ. ಒಮ್ಮೊಮ್ಮೆ ಬಹಳ ಹೊತ್ತು ಏನೂ ಬರುವುದಿಲ್ಲ, ಗಾಳಿ ಸದ್ದು ಅಷ್ಟೇ. ಕಥೆಯೇ ಇಲ್ಲ, ಹಾಗಾಗಿ ನಿದ್ದೆ ಮಾಡಿ ಎದ್ದರೂ ಏನೂ ತಪ್ಪಿರುವುದಿಲ್ಲ. ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ತಾಸು ಹಿಂದೆ. ನಮ್ಮ ಬೆಳಗಿನ ಪಾಳಿಯಲ್ಲಿ 9.30 ಆದಾಗ ಅಲ್ಲಿ 6 ಗಂಟೆ. ಪ್ರಾಣಿಗಳು ಬರುವ ಹೊತ್ತು.

ಇದನ್ನು ತೋರಿಸುವ ಮೊದಲು ನನಗೊಂದು ಅಳುಕು ಇತ್ತು. ಡಯಾಲಿಸಿಸ್ ಪೇಷಂಟ್‌ಗಳಿಗೆ ಕುಡಿಯುವ ನೀರು ಅಳತೆಯದು. ಬಾಯಾರಿಕೆ ಅವರ ದೊಡ್ಡ ಕಷ್ಟ. ಅವರಿಗೆ ನೀರು ಕುಡಿಯುವ ಪ್ರಾಣಿ ತೋರಿಸುವುದು ಸರಿಯಾ? ಅವರನ್ನೇ ಕೇಳಿದೆ. ಅಕ್ಕಲಕೋಟೆಯ ಕಾಕಾ ಅಂದರು, "ನನಗ ಗುಟುಕಿಗೂ ಲೆಕ್ಕ ಐತಿ. ಅವಾರ ಹೊಟ್ಟಿ ತುಂಬ ಕುಡೀಲಿ ಬಿಡು." ಪಕ್ಕದ ಬೆಡ್ಡಿನ ಮಾವಶಿ ಮಾತ್ರ, "ಬ್ಯಾಡವ್ವಾ, ಬಾಯಿ ಒಣಗತೈತಿ" ಅಂದರು. ಅವರಿಗೆ ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಲೈವ್ ಹಚ್ಚಿಕೊಟ್ಟೆ. ಹಕ್ಕಿಗಳು ಬಂದು ಕಾಳು ತಿನ್ನುವ ಜಾಗಕ್ಕೆ ಕ್ಯಾಮೆರಾ ಇದೆ. ಇದು ಸಂಜೆ ಪಾಳಿಗೆ ಸರಿ. ಬೇಸಿಗೆಯಲ್ಲಿ ನಮಗೆ ಸಂಜೆ 5.30 ಆದಾಗ ಅಲ್ಲಿ ಬೆಳಗಿನ 8.

ಅಡುಗೆ ವಿಡಿಯೋ ನಾನಾಗಿ ಯಾರಿಗೂ ಹೇಳುವುದಿಲ್ಲ. ಎಳನೀರು, ಬಾಳೆಹಣ್ಣು, ಉಪ್ಪಿನಕಾಯಿ, ಎಲ್ಲದಕ್ಕೂ ಇವರಿಗೆ ಕಟ್ಟುಪಾಡು. ಎದುರಿಗೆ ಅದನ್ನೇ ಬಡಿಸಿದಂತೆ ಆಗುತ್ತದೆ.

ಲಾರಿ ಓಡಿಸಿಕೊಂಡಿದ್ದ ಒಬ್ಬರಿಗೆ ರೇಡಿಯೋ ಗಾರ್ಡನ್ ತೋರಿಸಿದೆ. 2016ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದದ್ದು. ಪರದೆಯ ಮೇಲೆ ಭೂಗೋಳ, ಅದರ ತುಂಬ ಹಸಿರು ಚುಕ್ಕೆ. ಬೆರಳಿಂದ ತಿರುಗಿಸಿ ಚುಕ್ಕೆಯ ಮೇಲೆ ನಿಲ್ಲಿಸಿದರೆ ಆ ಊರಿನ ರೇಡಿಯೋ ಕೇಳುತ್ತದೆ. ಅವರು ಅಮೆರಿಕ, ಜಪಾನ್ ಕಡೆ ಹೋಗಲೇ ಇಲ್ಲ. ಪುಣೆಯಿಂದ ಹೊರಟು ನಾಗಪುರ, ರಾಯಪುರ ಅಂತ ಕೊಲ್ಕತ್ತಾದವರೆಗೆ ತಮ್ಮ ಹಳೆಯ ರೂಟಿನಲ್ಲೇ ಚುಕ್ಕೆ ಹಿಡಿದು ಹೋದರು. ಎಲ್ಲಿ ಟೈರ್ ಬದಲಿಸಿದ್ದು, ಎಲ್ಲಿ ಊಟ ಚೆನ್ನಾಗಿತ್ತು ಅಂತ ನನಗೆ ಹೇಳುತ್ತಾ ಹೋದರು. ಬಿಪಿ ನೋಡೋಕೆ ಹೋದಾಗೆಲ್ಲ ಒಂದು ಊರು ಮುಂದೆ ಹೋಗಿರುತ್ತಿದ್ದರು!

ಕಾಲೇಜು ಓದುವ ಹುಡುಗನಿಗೆ ನೀಲ್ ಅಗರ್‌ವಾಲ್ ಅನ್ನುವವರು ಮಾಡಿದ 'ಡೀಪ್ ಸೀ' (ಆಳ ಸಮುದ್ರ) ವೆಬ್ ಪುಟ ಇಷ್ಟ. ಹೆಬ್ಬೆರಳಿಂದ ಕೆಳಗೆ ಸರಿಸುತ್ತಾ ಹೋದರೆ ಆಯಿತು. ಯಾವ ಆಳದಲ್ಲಿ ಯಾವ ಜೀವಿ ಇದೆ ಅಂತ ಕಾಣುತ್ತದೆ, 10,900 ಮೀಟರ್ ದಾಟಿದ ತಳದವರೆಗೆ.

ಸೂಜಿ ಹಾಕುವ ಹೊತ್ತಿನಲ್ಲಿ ಫೋನ್ ಬೇಡ. ಗ್ಲೌಸ್ ತೆಗೆದು ಕೈ ತೊಳೆದ ಮೇಲೆಯೇ ನಾನು ಯಾರ ಫೋನನ್ನಾದರೂ ಮುಟ್ಟುವುದು. ಇಯರ್‌ಫೋನ್ ಅವರವರದೇ. ಒಂದು ಸಲಕ್ಕೆ ಒಂದೇ ಹೇಳುತ್ತೇನೆ, ಹತ್ತು ಲಿಂಕ್ ಕಳಿಸುವುದಿಲ್ಲ. ಮುಂದಿನ ಸಲ ಬಂದಾಗ "ನೋಡಿದ್ರಾ?" ಅಂತಲೂ ಕೇಳುವುದಿಲ್ಲ. ಇವರಿಗೆ ಮಾತ್ರೆ, ತೂಕ, ನೀರು ಅಂತ ದಿನವಿಡೀ ಲೆಕ್ಕ ಕೊಡುವುದೇ ಆಗಿದೆ. ಇದರದೂ ಒಂದು ಲೆಕ್ಕ ಯಾಕೆ?

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಅದೇ ಫೋನಿನಲ್ಲಿ "ಈ ರಸ ಕುಡಿದರೆ ಡಯಾಲಿಸಿಸ್ ಬಿಡಬಹುದು" ಅನ್ನುವ ವಿಡಿಯೋಗಳೂ ಬರುತ್ತವೆ. ಎಲ್ಲ ಹಣ್ಣಿನ ರಸವೂ ಇವರಿಗೆ ಆಗುವುದಿಲ್ಲ. ಧಾರೆಹುಳಿ, ಅಂದರೆ ಕಮರಾಕ್ಷಿ ಹಣ್ಣು, ಕಿಡ್ನಿ ಕೆಟ್ಟವರಿಗೆ ವಿಷ. ಅದರಲ್ಲಿರುವ ಒಂದು ಅಂಶ ದೇಹದಿಂದ ಹೊರಹೋಗದೆ ಮೆದುಳಿಗೆ ಏರುತ್ತದೆ. ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಸಾವೂ ಆಗಬಹುದು. ಇಂಥ ವಿಡಿಯೋ ಯಾರಾದರೂ ತೋರಿಸಿದರೆ ಕೆಲಸ ಬಿಟ್ಟು ಅವರ ಬೆಡ್ಡಿನ ಪಕ್ಕ ನಿಲ್ಲುತ್ತೇನೆ. ಡಾಕ್ಟರನ್ನೂ ಕರೆಯುತ್ತೇನೆ. ನೀರಿನ ಹೊಂಡ, ರೇಡಿಯೋ ಅಂತ ಜೊತೆಯಾಗಿ ನೋಡಿ ಸಲಿಗೆ ಬೆಳೆದಿರುತ್ತದಲ್ಲ, ಆಗ ಮಾತು ಕೇಳುತ್ತಾರೆ.

ಬೆಳಗಿನ ಪಾಳಿಗೆ ಇನ್ನೂ ಬೇಕಾಗಿದೆ. ಕಥೆ ಇಲ್ಲದ್ದು, ಊಟ ಇಲ್ಲದ್ದು, ಒಂದೇ ಬೆರಳಿಗೆ ಸಿಗುವಂಥದ್ದು ಗೊತ್ತಿದ್ದರೆ ಹೇಳಿ. ಕನ್ನಡದ್ದಾದರೆ ಮಾವಶಿಗೆ ಮೊದಲು ತೋರಿಸುತ್ತೇನೆ.