ಮಧ್ಯಾಹ್ನ ಮೂರಕ್ಕೇ ಕತ್ತಲು

ಸ್ಟಾಕ್‌ಹೋಮ್‌ನಲ್ಲಿ ಮೊದಲ ಚಳಿಗಾಲ ಹಿಮ ನೋಡುವ ಸಡಗರದಲ್ಲೇ ಕಳೆದುಹೋಯಿತು. ಕಾಡಿದ್ದು ಎರಡನೆಯದು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಸಂಜೆ ಎಂಬುದೇ ಇಲ್ಲವಾಯಿತು. ಡಿಸೆಂಬರ್ ನಡುವಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 8.40ರ ಸುಮಾರಿಗೆ, ಮುಳುಗುವುದು ಮಧ್ಯಾಹ್ನ ಮೂರಕ್ಕೂ ಮೊದಲೇ. ನಡುಹಗಲಿನಲ್ಲೂ ದಿಗಂತದಿಂದ 7 ಡಿಗ್ರಿಯಷ್ಟೇ ಮೇಲೇರುತ್ತಾನೆ. ಮೋಡವಿಲ್ಲದ ದಿನವೂ ನನ್ನ ಪಾಲಿಗೆ ಎದುರು ಕಟ್ಟಡದ ಹಿಂದೆಯೇ ಉಳಿಯುತ್ತಿದ್ದ.

ಚಳಿಯನ್ನು ಒಳ್ಳೆಯ ಜಾಕೆಟ್ ತಡೆಯುತ್ತದೆ. ಆದರೆ ಹತ್ತು ಗಂಟೆ ಮಲಗಿದರೂ ನನಗೆ ನಿದ್ದೆ ತೀರುತ್ತಿರಲಿಲ್ಲ. ಊಟವಾದ ಅರ್ಧ ಗಂಟೆಗೆ ಇಲ್ಲಿನ ಬೇಕರಿಯ ಏಲಕ್ಕಿ ಬನ್ನು ಬೇಕೆನಿಸುತ್ತಿತ್ತು. ಸ್ನೇಹಿತರು ಕರೆದರೆ ಏನಾದರೊಂದು ನೆಪ ಹೇಳುತ್ತಿದ್ದೆ. ದುಃಖಪಡಲು ಕಾರಣವೇನೂ ಇರಲಿಲ್ಲ, ಕಿರಿಕಿರಿಯಾಗುತ್ತಿದ್ದದ್ದೇ ಅದಕ್ಕೆ.

ಒಂದು ಶನಿವಾರ ಮೈಸೂರಿನಿಂದ ಅಮ್ಮ ವಿಡಿಯೋ ಕರೆ ಮಾಡಿದರು. ಅಲ್ಲಿ ರಾತ್ರಿ ಏಳೂವರೆ, ಇಲ್ಲಿ ಮಧ್ಯಾಹ್ನ ಮೂರು. ನನ್ನ ಹಿಂದಿನ ಕಿಟಕಿ ನೋಡಿ, "ನಿನಗೂ ರಾತ್ರಿಯಾಯಿತೇನೋ? ಊಟವಾಯಿತೇ?" ಎಂದರು. ಇನ್ನೂ ಹಲ್ಲುಜ್ಜಿಲ್ಲ ಎಂದು ಹೇಗೆ ಹೇಳಲಿ? ಆಗಷ್ಟೇ ಧನುರ್ಮಾಸ ಶುರುವಾಗಿತ್ತು. ಐದಕ್ಕೆದ್ದು ಪೂಜೆ ಮುಗಿಸಿ ಹುಗ್ಗಿ ನೈವೇದ್ಯ ಮಾಡುವ ಅಮ್ಮನ ಬಳಿ ಇದಕ್ಕೆಲ್ಲ ಒಂದೇ ಮದ್ದು: "ಬೇಗ ಏಳು, ಸರಿಹೋಗುತ್ತದೆ." ಇಲ್ಲಿ ಐದಕ್ಕೆದ್ದರೆ ಸೂರ್ಯನಿಗಾಗಿ ಹತ್ತಿರ ಹತ್ತಿರ ನಾಲ್ಕು ಗಂಟೆ ಕಾಯಬೇಕು.

ಸೋಮವಾರ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಹೋದೆ. ನರ್ಸ್ ನಿದ್ದೆ, ಸಿಹಿ, ಕೆಲಸ ಎಲ್ಲವನ್ನೂ ಕೇಳಿ ಬರೆದುಕೊಂಡರು. ಆಮೇಲೆ ದನಿ ಬದಲಿಸದೆ, ಬದುಕೇ ಬೇಡವೆನಿಸಿದೆಯೇ ಎಂದರು. ಇಲ್ಲ ಎಂದ ಮೇಲೆಯೇ ಪೆನ್ನು ಕೆಳಗಿಟ್ಟದ್ದು. ಇಂಥ ಪ್ರಶ್ನೆಯನ್ನು ಹೀಗೆ ನೇರವಾಗಿ ಕೇಳುವುದು ಒಳ್ಳೆಯದೆಂದು ಅವತ್ತು ಅನಿಸಿತು; ನಮ್ಮಲ್ಲಾದರೆ ಸುತ್ತಿ ಬಳಸಿ ಕೊನೆಗೆ ಕೇಳದೆಯೇ ಬಿಡುತ್ತೇವೆ. ಹೆಚ್ಚು ನಿದ್ದೆ, ಸಿಹಿಯ ಹಂಬಲ, ಜನರಿಂದ ದೂರವಿರುವುದು ಇವೆಲ್ಲ ಒಟ್ಟಿಗೇ ಬರುವಂಥವು ಎಂದು ವಿವರಿಸಿದರು. ಅಮೆರಿಕದಲ್ಲಿ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲೇ ಇದನ್ನು ಋತುಮಾನದ ಖಿನ್ನತೆ ಎಂದು ವಿವರಿಸಿದ್ದರೆಂದು ಆಮೇಲೆ ಓದಿದೆ. ಬೆಳಗಿನ ಬೆಳಕು ಕಣ್ಣಿನ ಮೂಲಕ ಮಿದುಳಿನ ಗಡಿಯಾರವನ್ನು ಸರಿಪಡಿಸುತ್ತದೆ; ಆ ಬೆಳಕೇ ಬರದಿದ್ದರೆ ಹೊತ್ತಿನ ಲೆಕ್ಕ ಮೈಗೆ ತಪ್ಪುತ್ತದೆ. ಸೋಮಾರಿತನವೆಂದು ನನ್ನನ್ನು ನಾನೇ ಬೈದುಕೊಳ್ಳುವುದು ಅಲ್ಲಿಗೆ ನಿಂತಿತು.

ನರ್ಸ್ ಹೇಳಿದಂತೆ 10,000 ಲಕ್ಸ್‌ನ ದೀಪ ತಂದೆ; ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ. ಮನೆಯೊಳಗಿನ ಸಾಮಾನ್ಯ ದೀಪಗಳು ಕೊಡುವುದು ಕೆಲವು ನೂರು ಲಕ್ಸ್ ಮಾತ್ರ. ಲ್ಯಾಪ್‌ಟಾಪ್ ಅಗಲದ ಬಿಳಿ ಹಲಗೆ ಅದು. ಎದ್ದ ಕೂಡಲೇ ಪಕ್ಕದಲ್ಲಿಟ್ಟುಕೊಂಡು, ನೇರವಾಗಿ ದಿಟ್ಟಿಸದೆ, ಅರ್ಧ ಗಂಟೆ ಕಾಫಿ ಕುಡಿಯುತ್ತ ಕೂರಬೇಕು. ಮೊದಮೊದಲು ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಕುಳಿತಂತಿತ್ತು. (ಕಣ್ಣಿನ ಕಾಯಿಲೆ ಅಥವಾ ಮನಸ್ಸು ಅತಿಯಾಗಿ ಏರಿಳಿಯುವ ಬೈಪೋಲಾರ್ ಸಮಸ್ಯೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.) ಅಮ್ಮ ಅದನ್ನು ಫೋನಿನಲ್ಲಿ ನೋಡಿ ಮೊದಲು ಕೇಳಿದ್ದು, ಕರೆಂಟ್ ಬಿಲ್ ಎಷ್ಟು ಬರುತ್ತದೆ ಎಂದು.

ಜನವರಿಯಲ್ಲಿ ಅಲಾರಾಂ ಹೊಡೆದಾಗಲೇ ಏಳುವುದು ಸಾಧ್ಯವಾಯಿತು. ಸಂಕ್ರಾಂತಿಯ ಹೊತ್ತಿಗೆ ಹಗಲೂ ಅರ್ಧ ಗಂಟೆಗಿಂತ ಹೆಚ್ಚು ಬೆಳೆದಿತ್ತು, ಆದ್ದರಿಂದ ಎಲ್ಲ ಶ್ರೇಯಸ್ಸನ್ನೂ ದೀಪಕ್ಕೇ ಕೊಡಲಾರೆ. ಬನ್ನಿನ ಆಸೆ ಮಾತ್ರ ಹೋಗಲಿಲ್ಲ. ಅದಕ್ಕೆ ಕತ್ತಲನ್ನು ದೂರುವುದು ನ್ಯಾಯವಲ್ಲ.

ನರ್ಸ್ ಹೇಳಿದ ಇನ್ನೊಂದು ಮಾತು ಮಧ್ಯಾಹ್ನದ ನಡಿಗೆಯದು. ಮೋಡ ಕವಿದಿದ್ದರೂ ನಡುಹಗಲಿನ ಬಯಲಿನಲ್ಲಿ ಕಚೇರಿಯೊಳಗಿನದಕ್ಕಿಂತ ಹೆಚ್ಚು ಬೆಳಕಿರುತ್ತದೆ. ನವೆಂಬರ್ ಬಂತೆಂದರೆ ಹನ್ನೆರಡಕ್ಕೆ ಎದ್ದು ಕೆರೆಯ ದಂಡೆಗೆ ಹೊರಡುತ್ತೇನೆ. ಆ ಹೊತ್ತಿಗೆ ಮೀಟಿಂಗ್ ಇಟ್ಟವರಿಗೆ ಬರಲಾಗುವುದಿಲ್ಲ ಎನ್ನಲು ಈಗ ಸಂಕೋಚವೂ ಇಲ್ಲ, ಕಾರಣ ಕೇಳಿದರೆ ಮುಚ್ಚಿಡುವುದೂ ಇಲ್ಲ.