ಅಜ್ಜಿಯ ಶನಿವಾರ

2016ರ ಆಗಸ್ಟ್ ತಿಂಗಳ ಕೊನೆಯ ಶನಿವಾರ ಒಬ್ಬ ಅಜ್ಜಿಗೆ ದೀಕ್ಷಾಸ್ನಾನ, ಅಂದರೆ ನೀರಿನಲ್ಲಿ ಮುಳುಗಿಸಿ ನಮ್ಮ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿ, ಆಗಬೇಕೆಂದು ನಾನು ದಿನ ಗೊತ್ತುಮಾಡಿದ್ದೆ. ಗೊತ್ತುಮಾಡಿದವನು ನಾನು, ಅಜ್ಜಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯೇಸು ಕ್ರಿಸ್ತನ ಕಡೆಯ ದಿನಗಳ ಸಂತರ ಸಭೆ ಎಂಬ ಉದ್ದ ಹೆಸರಿನ, ಹೊರಗಿನವರು ಮಾರ್ಮನ್ ಎಂದು ಕರೆಯುವ ಸಭೆಗೆ ಸೇರಿದ ಮನೆಯಲ್ಲಿ ಹುಟ್ಟಿದ ನಾನು ಆಗ ಇಪ್ಪತ್ತರ ಹುಡುಗ. ಎರಡು ವರ್ಷದ ಸುವಾರ್ತಾ ಸೇವೆಯ ಎರಡನೆಯ ವರ್ಷದಲ್ಲಿದ್ದೆ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ, ಪಕ್ಕದಲ್ಲಿ ಸದಾ ಒಬ್ಬ ಜೊತೆಗಾರ. ನನ್ನ ಜೊತೆಗಾರ ರಾಜಮಂಡ್ರಿಯ ಕಡೆಯವನು, ಕನ್ನಡ ಬಾರದವನು. 1993ರಲ್ಲಿ ಶುರುವಾದ ಬೆಂಗಳೂರು ಮಿಷನ್ನಿನಲ್ಲಿ ನಮ್ಮಂಥ ದೇಶಿ ಹುಡುಗರ ಜೋಡಿಗಳು ಹೊಸತೇನಲ್ಲ. ಪ್ರತಿ ವಾರದ ಕೊನೆಗೆ ಎಷ್ಟು ಪಾಠ ಹೇಳಿದಿರಿ, ಎಷ್ಟು ಜನ ಭಾನುವಾರದ ಸಭೆಗೆ ಬಂದರು, ಎಷ್ಟು ಜನಕ್ಕೆ ದೀಕ್ಷಾಸ್ನಾನದ ದಿನ ನಿಗದಿಯಾಗಿದೆ ಎಂದು ಲೆಕ್ಕ ಒಪ್ಪಿಸಬೇಕಿತ್ತು. ಆ ಮೂರನೆಯ ಅಂಕಣ ಹಲವು ವಾರಗಳಿಂದ ಖಾಲಿ ಬಿದ್ದಿದ್ದು ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಅಜ್ಜಿಯ ಊರು ಹೊಸೂರಿನಿಂದ ತಳಿಗೆ ಹೋಗುವ ರಸ್ತೆಯಿಂದ ಒಳಗೆ ಸರಿದ ಒಂದು ಹಳ್ಳಿ. ಜಿಲ್ಲೆ ತಮಿಳುನಾಡಿನ ಕೃಷ್ಣಗಿರಿಯಾದರೂ ಮನೆಯ ಮಾತು ಕನ್ನಡ, ಸಂತೆಯ ಮಾತು ತೆಲುಗು, ಬಸ್ಸಿನ ಫಲಕ ಮತ್ತು ಶಾಲೆ ತಮಿಳು. ಅಜ್ಜಿಯ ಕಿರಿಯ ಮಗ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಗ ಬೆಂಗಳೂರಿನಲ್ಲಿ ನಮ್ಮ ಸಭೆ ಸೇರಿದ್ದ. ಊರಿಗೆ ಮರಳಿ ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಕೆಲಸ ಹಿಡಿದ ಮೇಲೂ ಭಾನುವಾರ ಮುಂಜಾನೆಯ ಬಸ್ಸು ಹತ್ತಿ ಬೆಂಗಳೂರಿಗೆ ಬರುವುದನ್ನು ಬಿಟ್ಟಿರಲಿಲ್ಲ. 'ಎಲ್ಲಿಗೆ ಹೋಗ್ತೀಯ ಪ್ರತಿ ವಾರ, ಯಾರಾದ್ರೂ ಹೆಣ್ಣು ನೋಡ್ಕೊಂಡಿದೀಯಾ' ಎಂದು ಅನುಮಾನಪಟ್ಟು ಒಂದು ಭಾನುವಾರ ಬೆನ್ನು ಹತ್ತಿ ಬಂದ ಅಜ್ಜಿ ಮುಂದಿನ ವಾರವೂ ಬಂದರು, ಅದರ ಮುಂದಿನ ವಾರವೂ ಬಂದರು. ಹೀಗೆ ನಾವು ಅವರ ಮನೆಯ ಜಗಲಿಯ ಮೇಲೆ ಕುಳಿತು ಪಾಠ ಹೇಳತೊಡಗಿದೆವು. ಗಂಡಸೊಬ್ಬರು ಜೊತೆಗೆ ಕೂರದೆ ನಾವು ಹೆಂಗಸರಿಗೆ ಪಾಠ ಹೇಳುವಂತಿಲ್ಲವಾದ್ದರಿಂದ ಮಗನ ಪಾಳಿ ಮುಗಿಯುವ ಹೊತ್ತಿಗೇ ಹೋಗಬೇಕಿತ್ತು.

ತಾತ ಕೂಡ ಮನೆಯಲ್ಲೇ ಇರುತ್ತಿದ್ದರು, ಆದರೆ ಪಾಠಕ್ಕೆ ಕೂರುತ್ತಿರಲಿಲ್ಲ. ಜಗಲಿಯ ಆ ತುದಿಯಲ್ಲಿ ಬೀಡಿ ಸೇದುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ನಮ್ಮ ಹೆಸರುಪಟ್ಟಿಯ 'ಎಲ್ಡರ್' ಎಂಬ ಪದಕ್ಕೆ ಹಿರಿಯ ಎಂದರ್ಥ ಎಂದು ಮಗ ತಿಳಿಸಿದ ದಿನ ಅವರು ಕೆಮ್ಮು ಬರುವವರೆಗೆ ನಕ್ಕು, ನನ್ನ ಜೊತೆಗಾರನಿಗೆ ತೆಲುಗಿನಲ್ಲಿ ಏನೋ ಹೇಳಿದರು. ಮೀಸೆ ಮೂಡದ ಹಿರಿಯರನ್ನು ತಾನು ಈ ಜನ್ಮದಲ್ಲಿ ಕಂಡಿರಲಿಲ್ಲವೆಂಬುದು ಅದರ ಸಾರ.

ನಂಬಿಕೆಯ ಪಾಠಗಳು ಅಜ್ಜಿಗೆ ಕಷ್ಟವಾಗಲಿಲ್ಲ. ಜೋಸೆಫ್ ಸ್ಮಿತ್ ಎಂಬ ಹುಡುಗ ಯಾವ ಪಂಥ ಸರಿಯೆಂದು ಕೇಳಲು ಕಾಡಿಗೆ ಹೋಗಿ ಪ್ರಾರ್ಥಿಸಿದ ಕಥೆಯನ್ನು ಅವರು ತಮ್ಮ ಊರಿನ ಕಥೆಯಂತೆಯೇ ಕೇಳಿದರು. ಆದಾಯದ ಹತ್ತರಲ್ಲೊಂದು ಪಾಲು ಕೊಡಬೇಕೆಂದಾಗ 'ಕಣದಾಗೆ ಮೊದಲು ಅಳೆಯೋ ರಾಗಿ ನಮ್ಮದಲ್ಲ ಅಂತ ನಮ್ಮಪ್ಪನೂ ಎತ್ತಿಡ್ತಿದ್ದ' ಎಂದು ತಲೆಯಾಡಿಸಿದರು. ಕಷ್ಟ ಬಂದದ್ದು ವಿವೇಕದ ವಚನದಲ್ಲಿ. 1833ರ ಫೆಬ್ರವರಿಯಲ್ಲಿ ಸ್ಮಿತ್ ಅವರಿಗೆ ದೊರೆತ ಪ್ರಕಟಣೆಯೆಂದು ನಾವು ನಂಬುವ ಆ ವಚನ ಮದ್ಯ, ತಂಬಾಕು ಮತ್ತು ಬಿಸಿ ಪಾನೀಯಗಳನ್ನು ಬಿಡಲು ಹೇಳುತ್ತದೆ. ಬಿಸಿ ಪಾನೀಯವೆಂದರೆ ಚಹಾ ಮತ್ತು ಕಾಫಿ ಎಂಬುದು ಸಭೆಯ ವಿವರಣೆ. ಬಂದವರಿಗೆ ಒಂದು ಲೋಟ ಟೀ ಕೊಡದೆ ಕಳುಹಿಸುವುದು ಅವಮಾನವೆಂದು ತಿಳಿದಿರುವ ಸೀಮೆಯಲ್ಲಿ ಈ ಪಾಠ ಹೇಳುವುದೆಂದರೆ ಕೇಳುವವರಿಗಿಂತ ಹೇಳುವವರಿಗೇ ಸಂಕಟ. 'ಬಿಸಿನೀರು ಕುಡಿಯಬೌದಾ? ಹುರುಳಿಕಟ್ಟಿನ ಸಾರು? ರಾಗಿ ಗಂಜಿ?' ಎಂದು ಅಜ್ಜಿ ಒಂದೊಂದಾಗಿ ಕೇಳಿ ಖಚಿತಪಡಿಸಿಕೊಂಡು, ಟೀಯನ್ನು ಮೂರೇ ದಿನದಲ್ಲಿ ಬಿಟ್ಟರು. ತಲೆನೋವು ಬಂತೆಂದೂ ಹೋಯಿತೆಂದೂ ಹೇಳಿದರು. ನಾವು ಹೋದಾಗಲೆಲ್ಲ ಬೆಲ್ಲ ಹಾಕಿದ ರಾಗಿ ಗಂಜಿ ಬರತೊಡಗಿತು.

ಬಿಡಲಾಗದ್ದು ಕಡ್ಡಿಪುಡಿ. ಅಜ್ಜಿಯ ಸೊಂಟದಲ್ಲಿ ಮಾಸಿದ ಬಟ್ಟೆಯ ಸಂಚಿಯೊಂದು ಸದಾ ಇರುತ್ತಿತ್ತು: ಒಂದು ಕಂಡಿಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಸುಣ್ಣದ ಡಬ್ಬಿ, ಒಳಗಿನ ಕಂಡಿಯಲ್ಲಿ ಹೊಗೆಸೊಪ್ಪಿನ ಪುಡಿ. ಮೊದಲ ಬಾಣಂತನದಲ್ಲಿ ಹಲ್ಲುನೋವಿಗೆಂದು ಅತ್ತೆ ಕೊಟ್ಟದ್ದು ನಲವತ್ತು ವರ್ಷ ಉಳಿದುಬಿಟ್ಟಿತ್ತು. ನಾನು ಪುಸ್ತಕದಲ್ಲಿ ಓದಿದ ಉಪಾಯಗಳನ್ನೆಲ್ಲ ಹೇಳಿದೆ. ಲವಂಗ ಅಗಿಯಿರಿ ಎಂದೆ, ಪ್ರಾರ್ಥಿಸಿ ಎಂದೆ, ದಿನವೂ ಸಂಜೆ ಮಗನ ಫೋನಿಗೆ ಕರೆಮಾಡಿ 'ಇವತ್ತು ಹೇಗಾಯಿತು ಅಜ್ಜಿ' ಎಂದು ವಿಚಾರಿಸಿದೆ. ವಿಚಾರಿಸುವ ದನಿಯಲ್ಲಿ ಅಕ್ಕರೆಗಿಂತ ಗಡುವಿನ ಅವಸರವೇ ಹೆಚ್ಚಾಗಿತ್ತೆಂದು ಈಗ ಅನ್ನಿಸುತ್ತದೆ.

ದೀಕ್ಷಾಸ್ನಾನಕ್ಕೆ ಮೊದಲು ಒಂದು ಸಂದರ್ಶನವಿರುತ್ತದೆ. ಪಾಠ ಹೇಳಿದವರು ಅದನ್ನು ನಡೆಸುವಂತಿಲ್ಲ. ಆ ಭಾಗದ ಸೇವಾರ್ಥಿಗಳ ಮುಂದಾಳು ಬೇರೆ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿ ಪ್ರಶ್ನೆ ಕೇಳುತ್ತಾನೆ. ಪಾಠ ಹೇಳಿದವರ ಆತುರ ತೀರ್ಪಿನೊಳಗೆ ನುಸುಳಬಾರದೆಂಬುದೇ ಇದರ ಉದ್ದೇಶವಿರಬೇಕು, ಮತ್ತು ಆ ನಿಯಮ ಮಾಡಿದವರಿಗೆ ನನ್ನಂಥವರ ಪರಿಚಯ ಚೆನ್ನಾಗಿದ್ದಿರಬೇಕು. ಗೊತ್ತಾದ ಶನಿವಾರಕ್ಕೆ ಎರಡು ದಿನ ಮುಂಚೆ ಸಂದರ್ಶನವಾಯಿತು. ಹತ್ತು ನಿಮಿಷಕ್ಕೆಲ್ಲ ಅಜ್ಜಿ ಹೊರಗೆ ಬಂದು ನನ್ನ ಎದುರು ನಿಂತು, 'ನಿನ್ನೆ ರಾತ್ರಿ ಒಂದು ಚಿಟಿಕೆ ಹಾಕ್ಕೊಂಡಿದ್ದೆ ಕಣಪ್ಪ, ಹೇಳಿಬಿಟ್ಟೆ' ಎಂದರು. ನನಗೆ ಬಂದದ್ದು ಕೋಪ. ಒಂದು ಚಿಟಿಕೆಯ ವಿಷಯವನ್ನು ಹೇಳದಿದ್ದರೆ ಆಕಾಶವೇನು ಕಳಚಿ ಬೀಳುತ್ತಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು; ದೇವರ ದಯೆ, ಅದು ಹೊರಬೀಳಲಿಲ್ಲ. 'ನೀರಿಗಿಳಿದು ಸುಳ್ಳು ಹೇಳಿದ್ರೆ ಎದ್ದು ಎಲ್ಲಿಗೆ ಹೋಗಲಿ?' ಎಂದು ಅವರೇ ಕೇಳಿದರು. ದಿನ ಮುಂದಕ್ಕೆ ಹೋಯಿತು. ಲೆಕ್ಕದ ಹಾಳೆಯಲ್ಲಿ ಬರೆದಿದ್ದ ಒಂದನ್ನು ಹೊಡೆದುಹಾಕಿದೆ.

ಹೊಸ ದಿನ ಸೆಪ್ಟೆಂಬರ್ 17 ಎಂದಾಯಿತು, ಅದನ್ನು ಅಜ್ಜಿಯೇ ಹೇಳಿದ್ದು. ಈ ನಡುವೆ ತಾತನ ಒಪ್ಪಿಗೆಯ ಪ್ರಶ್ನೆ ಎದ್ದಿತು. ಮದುವೆಯಾದವರು ದೀಕ್ಷಾಸ್ನಾನ ಪಡೆಯಲು ಗಂಡನ ಅಥವಾ ಹೆಂಡತಿಯ ಸಮ್ಮತಿ ಬೇಕೆಂಬುದು ನಮ್ಮ ಸಭೆಯ ನಿಯಮ. 'ಅವಳು ಯಾವತ್ತು ನನ್ನ ಕೇಳಿ ಏನು ಮಾಡಿದ್ಲು' ಎಂದು ತಾತ ಮೊದಲು ನಗೆಯಾಡಿದರು. ಎಷ್ಟು ದುಡ್ಡು ಕೊಡ್ತಾರಂತೆ ಎಂದು ಊರಿನವರು ಕೇಳಿದ್ದನ್ನೂ ಹೇಳಿ, ಕೊಡುವುದಲ್ಲ, ಕೇಳ್ತಾರೆ ಎಂದು ತಾನೇ ಅವರ ಬಾಯಿ ಮುಚ್ಚಿಸಿದೆನೆಂದರು. ಆದರೆ ನೀರಿಗಿಳಿಯುವಾಗ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಉಡಬೇಕೆಂದು ಮಗ ಬಾಯಿತಪ್ಪಿ ಹೇಳಿದ್ದೇ ತಡ, ಅವರ ಮುಖ ಬಿಗಿಯಿತು. ಬೀಡಿ ಆರಿಸಿ ಎದ್ದು ನಿಂತರು. 'ನಾನಿನ್ನೂ ಬದುಕಿದೀನಿ. ನನ್ನ ಹೆಂಡ್ತಿಗೆ ಬಿಳಿ ಯಾಕೆ ಉಡಿಸ್ತೀರಿ?'

ಈ ಪ್ರಶ್ನೆಗೆ ಉತ್ತರ ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಬಿಳಿ ಪರಿಶುದ್ಧತೆಯ ಸಂಕೇತವೆಂದು ನಾನು ಎಷ್ಟು ಜನಕ್ಕೆ ಹೇಳಿದ್ದೆನೋ, ಒಬ್ಬ ಮುತ್ತೈದೆಯ ಗಂಡನ ಕಣ್ಣಿಗೆ ಅದು ಹೇಗೆ ಕಾಣುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಜೊತೆಗಾರ ತೆಲುಗಿನಲ್ಲಿ ಬಹಳ ಹೊತ್ತು ಮಾತಾಡಿದ. ತಾಳಿ, ಬಳೆ ಯಾವುದನ್ನೂ ತೆಗೆಯಬೇಕಿಲ್ಲ, ಅದು ಸೀರೆಯಲ್ಲ, ಅರ್ಧಗಂಟೆಯ ಅಂಗಿ, ನೀರಿಗಿಳಿಸುವ ಮಗನೂ ಬಿಳಿಯನ್ನೇ ಹಾಕುತ್ತಾನೆ ಎಂದೆಲ್ಲ ವಿವರಿಸಿದ. ತಾತ ಒಪ್ಪಲಿಲ್ಲ. ನಾವು ಎದ್ದು ಬಂದೆವು. ಒಳಗೆ ಏನು ಮಾತಾಯಿತೋ, ನಾಲ್ಕು ದಿನದ ಮೇಲೆ ಮಗನ ಕರೆ ಬಂತು. 'ಆಸ್ಪತ್ರೆ ನರ್ಸಮ್ಮಂಗೆ ಯಾರೂ ಗಂಡ ಸತ್ತನಾ ಅಂತ ಕೇಳಲ್ಲ' ಎಂದು ಅಜ್ಜಿ ಹೇಳಿದ್ದಕ್ಕೆ ತಾತ ಸುಮ್ಮನಾಗಿ, ಹೋಗಿ ಬಾ, ಆದರೆ ಮನೆಗೆ ಬರುವಾಗ ಹಣೆಯಲ್ಲಿ ಕುಂಕುಮವಿರಬೇಕು ಎಂದರಂತೆ.

ಅಷ್ಟರಲ್ಲಿ ಕಾವೇರಿ. ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟಿನ ಆದೇಶದ ಬೆನ್ನಿಗೆ ಸೆಪ್ಟೆಂಬರ್ 12ರ ಸೋಮವಾರ ಬೆಂಗಳೂರಿನಲ್ಲಿ ತಮಿಳುನಾಡಿನ ನೋಂದಣಿಯ ಬಸ್ಸು ಲಾರಿಗಳಿಗೆ ಬೆಂಕಿ ಬಿತ್ತು, ನಗರದ ಹಲವು ಭಾಗಗಳಲ್ಲಿ ಕರ್ಫ್ಯೂ ಹೇರಿದರು. ಮನೆಯಿಂದ ಹೊರಬೀಳಬೇಡಿ ಎಂದು ನಮಗೆ ಸೂಚನೆ ಬಂತು. ಎರಡು ರಾಜ್ಯಗಳ ನಡುವಿನ ಬಸ್ಸು ನಿಂತುಹೋಯಿತು. 17ರ ಶನಿವಾರವೂ ಹೀಗೆ ಕಳೆಯಿತು. ಅಜ್ಜಿಗೆ ಕರೆಮಾಡಿ ಕ್ಷಮೆ ಕೇಳಿದರೆ, 'ಒಳ್ಳೇದೇ ಆಯ್ತು ಬಿಡು, ಇನ್ನೊಂದು ವಾರ ಬಾಯಿ ಶುದ್ಧವಾಗಿರ್ತದೆ' ಎಂದರು. ಆ ವೇಳೆಗೆ ಅವರು ಕಡ್ಡಿಪುಡಿ ಮುಟ್ಟಿ ಇಪ್ಪತ್ತು ದಿನಗಳ ಮೇಲಾಗಿತ್ತು, ಮತ್ತು ನಾನು ಅದನ್ನು ವಿಚಾರಿಸಲು ಫೋನ್ ಮಾಡುವುದನ್ನು ನಿಲ್ಲಿಸಿದ್ದೆ.

ಮುಂದಿನ ಶನಿವಾರವೂ ಬಸ್ಸುಗಳು ಗಡಿ ದಾಟುತ್ತಿರಲಿಲ್ಲ. ತಮಿಳುನಾಡಿನ ಬಸ್ಸು ಜೂಜುವಾಡಿಯ ಕಡೆಯೇ ಜನರನ್ನು ಇಳಿಸುತ್ತಿತ್ತು, ನಮ್ಮದು ಅತ್ತಿಬೆಲೆಯಲ್ಲಿ ನಿಲ್ಲುತ್ತಿತ್ತು. ನಡುವೆ ಹೆದ್ದಾರಿಯ ಮೇಲೆ ಮೂಟೆ, ಮಕ್ಕಳು, ಮದುವೆಯ ಬಟ್ಟೆಯ ಚೀಲ ಹೊತ್ತವರ ಸಾಲು. ಅತ್ತಿಬೆಲೆಯಲ್ಲಿ ಕಾಯುತ್ತ ನಿಂತ ನಮಗೆ ಆ ಸಾಲಿನೊಳಗಿಂದ ಹಸಿರು ಸೀರೆಯ ಅಜ್ಜಿ ಮಗನ ಕೈಹಿಡಿದು ಚಪ್ಪಲಿ ಸವೆಸುತ್ತ ಬರುವುದು ಕಂಡಿತು. 'ಇಷ್ಟು ದೂರ ನಡೆಸಿದ ನೀರು ಬೆಚ್ಚಗಾದ್ರೂ ಇದೆಯಾ' ಎಂಬುದು ಅವರ ಮೊದಲ ಮಾತು.

ಪ್ರಾರ್ಥನಾ ಮಂದಿರದ ತೊಟ್ಟಿಗೆ ಬೆಳಗಿನಿಂದ ನೀರು ತುಂಬಿಸಿದ್ದರು. ಅದು ಬೆಚ್ಚಗಿರಲಿಲ್ಲ. ಮಗನೇ ತಾಯಿಯನ್ನು ನೀರಿಗಿಳಿಸಿದ. ಸಭೆಯಲ್ಲಿ ಅದಕ್ಕೆ ಬೇಕಾದ ಯಾಜಕತ್ವದ ಅಧಿಕಾರ ಅವನಿಗಿತ್ತು. ತೊಟ್ಟಿಯ ಎರಡು ಬದಿಗೆ ಇಬ್ಬರು ಸಾಕ್ಷಿಗಳು ನಿಲ್ಲಬೇಕು, ಅವರಲ್ಲಿ ನಾನೊಬ್ಬ. ಆಗಿನ್ನೂ ಯಾಜಕತ್ವ ಪಡೆದ ಗಂಡಸರಷ್ಟೇ ಸಾಕ್ಷಿಗಳಾಗಬಹುದಿತ್ತು. 2019ರಿಂದ ದೀಕ್ಷಾಸ್ನಾನವಾದ ಯಾರು ಬೇಕಾದರೂ, ಹೆಂಗಸರೂ ಮಕ್ಕಳೂ ನಿಲ್ಲಬಹುದು. ಸಾಕ್ಷಿಯ ಕೆಲಸ ಎರಡೇ: ಪ್ರಾರ್ಥನೆಯ ಮಾತುಗಳು ಸರಿಯಾಗಿವೆಯೇ ಎಂದು ಕೇಳುವುದು, ಮೈಯೆಲ್ಲ ಮುಳುಗಿತೇ ಎಂದು ನೋಡುವುದು. ಒಂದು ಬೆರಳು ಹೊರಗುಳಿದರೂ ಮತ್ತೆ ಮಾಡಬೇಕು.

ಮಗನ ದನಿ ನಡುಗಿದರೂ ಮಾತು ತಪ್ಪಲಿಲ್ಲ. ಅಜ್ಜಿ ಕಣ್ಣುಮುಚ್ಚಿ ಹಿಂದಕ್ಕೆ ಬಾಗಿದರು. ನೀರು ಮುಖವನ್ನು ಮುಚ್ಚಿದ ಕ್ಷಣ, ತಾಳಿ ತೇಲಿ ಹೋದೀತೆಂಬ ಭಯದಿಂದಲೋ ಏನೋ, ಎದೆಗೆ ಕೈ ತಂದರು. ನನ್ನ ಬದಿಯ ಮೊಣಕೈ ನೀರಿನ ಮೇಲೆ ಬಂತು. ಎದುರಿನ ಸಾಕ್ಷಿಗೆ ಅದು ಕಾಣುವಂತಿರಲಿಲ್ಲ. ಚಳಿಗೆ ತುಟಿ ನಡುಗುತ್ತಿದ್ದ, ಗಡಿಯವರೆಗೆ ನಡೆದುಬಂದ ಆ ಜೀವವನ್ನು ಮತ್ತೆ ಮುಳುಗಿಸಿರೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಎಲ್ಲರೂ ನನ್ನ ತಲೆಯಾಡಿಕೆಗೆ ಕಾಯುತ್ತಿದ್ದರು. ಅಜ್ಜಿ ಮುಖದ ನೀರು ಒರೆಸಿಕೊಂಡು ನೇರವಾಗಿ ನನ್ನನ್ನೇ ನೋಡಿ, 'ಪೂರ್ತಿ ಮುಳುಗಿದ್ನಾಪ್ಪ?' ಎಂದು ಕೇಳಿದರು.

'ಇಲ್ಲ ಅಜ್ಜಿ, ಮೊಣಕೈ ಮೇಲಿತ್ತು' ಎಂದೆ.

'ಮತ್ತೆ ಸುಮ್ಕೆ ನಿಂತಿದೀಯಲ್ಲ' ಎಂದು ಗದರಿ, ಕೈಯನ್ನು ಮಗನ ತೋಳಿಗೆ ಬಿಗಿಯಾಗಿ ಕೊಟ್ಟು ಎರಡನೆಯ ಬಾರಿ ಮುಳುಗಿದರು. ಈ ಸಲ ನೀರಿನ ಮೇಲೆ ಏನೂ ಉಳಿಯಲಿಲ್ಲ.

ಹೆಂಗಸರ ಕೋಣೆಯಿಂದ ಹಸಿರು ಸೀರೆಯುಟ್ಟು ಹೊರಬಂದಾಗ ಅಜ್ಜಿಯ ಹಣೆ ಬರಿದಾಗಿತ್ತು. ಕುರ್ಚಿಯ ಮೇಲೆ ಕುಳಿತು ಸೊಂಟದ ಸಂಚಿ ಬಿಚ್ಚಿದರು. ನನಗೆ ಎದೆ ಧಸಕ್ಕೆಂದಿತು. ಹೊಗೆಸೊಪ್ಪು ಇರುತ್ತಿದ್ದ ಒಳಗಿನ ಕಂಡಿಯಿಂದ ಅವರು ತೆಗೆದದ್ದು ಸಣ್ಣ ಕುಂಕುಮದ ಭರಣಿ ಮತ್ತು ಒಡೆದ ಕನ್ನಡಿಯ ಚೂರು.

ಸಂಜೆ ಅತ್ತಿಬೆಲೆಯಿಂದ ಗಡಿಯವರೆಗೆ ನಾವೂ ಜೊತೆಗೆ ನಡೆದೆವು. ಆಚೆ ಬದಿಯ ಟೀ ಅಂಗಡಿಯ ಮುಂದೆ ತಾತ ಬೀಡಿ ಹಿಡಿದು ನಿಂತಿದ್ದರು. ಅವರ ಕಣ್ಣು ಮೊದಲು ಹೆಂಡತಿಯ ಹಣೆಗೆ ಹೋಯಿತು, ಆಮೇಲೆ ಒದ್ದೆ ಕೂದಲಿಗೆ.

'ಆಯ್ತಾ?'

'ಎರಡು ಸಲ ಮುಳುಗಿಸಿದ್ರು' ಎಂದರು ಅಜ್ಜಿ. 'ಮೊದಲನೇದು ಸರಿಹೋಗಲಿಲ್ಲ.'

ತಾತ ಬೀಡಿಯ ಬೂದಿ ಕೊಡವಿ ನನ್ನ ಕಡೆ ತಿರುಗಿದರು. 'ಹಂಗಾದ್ರೆ ಅದನ್ನ ನನ್ನ ಲೆಕ್ಕಕ್ಕೆ ಬರ್ಕೊಳ್ಳಪ್ಪ, ಹಿರಿಯ' ಎಂದು ಹೇಳಿ, ಅಂಗಡಿಯವನಿಗೆ ಒಂದು ಟೀ, ಒಂದು ಲೋಟ ಬಿಸಿನೀರು ಎಂದು ಕೂಗಿದರು.